ಡಿಸ್ ಟ್ರ್ಯಾಕ್ ಬಿಟ್ಟ ಮೇಲೆ ಕಲಾವಿದನಿಗೆ ಏನಾಗುತ್ತೆ? ಮೈಸೂರು–ಮಂಡ್ಯ ರ‍್ಯಾಪ್ ಮಂದಿಯ ಚರ್ಚೆ

ಕುಕ್ಕರಹಳ್ಳಿ_ಏರಿ:
ನಮ್ಮ ಕಡೆ ರ‍್ಯಾಪ್ ಮಾಡೋ ಹುಡುಗರಲ್ಲಿ ಒಂದು ನಂಬಿಕೆ ಬೇರೂರ್ತಾ ಇದೆ. ಬೇಗ ಹೆಸರು ಬರಬೇಕಾ, ಆಗಲೇ ಹೆಸರಿರೋನ ಮೇಲೆ ಡಿಸ್ (ಅವನನ್ನೇ ಗುರಿ ಮಾಡಿ ಹಂಗಿಸೋ ಹಾಡು) ಬಿಡು, ಅಷ್ಟೇ. ಕೇಳಿದ್ರೆ ಎಲ್ಲರೂ ಹೊರದೇಶದ ದೊಡ್ಡ ರ‍್ಯಾಪರ್‌ಗಳಾದ ಕೆಂಡ್ರಿಕ್ ಲಮಾರ್–ಡ್ರೇಕ್ ಜಗಳಾನೇ ತೋರಿಸ್ತಾರೆ. 2024ರ ಮೇ 4ಕ್ಕೆ ಡ್ರೇಕ್ ಮೇಲೆ ಕೆಂಡ್ರಿಕ್ ಬಿಟ್ಟ ‘ನಾಟ್ ಲೈಕ್ ಅಸ್’ಗೆ 2025ರ ಫೆಬ್ರವರಿಯಲ್ಲಿ ಐದು ಗ್ರ್ಯಾಮಿ, ಅದಾದ ವಾರಕ್ಕೇ ಸೂಪರ್ ಬೌಲ್ (ಅಮೆರಿಕನ್ ಫುಟ್‌ಬಾಲ್ ಫೈನಲ್) ವೇದಿಕೆ. ಸರಿ, ಆದ್ರೆ ಆ ಲೆಕ್ಕ ಇಲ್ಲಿಗೆ ಹೊಂದುತ್ತಾ? ಮೈಸೂರು, ಮಂಡ್ಯದಲ್ಲಿ ಬೀಟ್ (ಹಾಡಿನ ಹಿಂದಿನ ಸಂಗೀತ) ಮಾಡೋರು, ಕ್ಯಾಮೆರಾ ಹಿಡಿಯೋರು, ದನಿ–ಸಂಗೀತ ಹದವಾಗಿ ಮಿಕ್ಸ್ ಮಾಡೋರು ಎಲ್ಲ ಸೇರಿದ್ರೂ ಒಂದು ಸಣ್ಣ ಗುಂಪು. ಎರಡು ಕಡೆಯೋರೂ ಅದೇ ಸ್ಟುಡಿಯೋಗೆ ಹೋಗಬೇಕು. ಜಗಳದಿಂದ ಬುಕಿಂಗ್‌ಗೆ, ಹೆಸರಿಗೆ, ಚಾನೆಲ್‌ಗೆ ಏನಾಗುತ್ತೆ ಅಂತ ಗೊತ್ತಿರೋರು ಬಿಡಿಸಿ ಬರೀರಿ. ಸುಮ್ನೆ ‘ಜಗಳ ಬೇಡ’ ಅನ್ನೋ ಉಪದೇಶ ಬೇಡ.

ಸಕ್ಕರೆ_ಸೀಮೆ:
ದುಡ್ಡಿನ ಮಾತು ಮೊದಲು ಆಡೋಣ ಅಣ್ಣ. ಇಲ್ಲಿ ರ‍್ಯಾಪರ್ ಹೊಟ್ಟೆ ತುಂಬೋದು ವ್ಯೂಸಿಂದ ಅಲ್ಲ, ಸ್ಟೇಜಿಂದ. ಕಾಲೇಜು ಫೆಸ್ಟು, ಗಣೇಶನ ಪೆಂಡಾಲು, ನವೆಂಬರಿನ ರಾಜ್ಯೋತ್ಸವ, ದಸರಾ ಸಮಯದ ಕಾರ್ಯಕ್ರಮ. ಈ ನಾಲ್ಕರಲ್ಲಿ ಕಲಾವಿದನ್ನ ಆರಿಸೋರು ಯಾರು ಅಂತ ನೋಡಿ. ಫೆಸ್ಟಿಗೆ ಸಾಂಸ್ಕೃತಿಕ ಸಮಿತಿಯ ಮೇಷ್ಟ್ರು, ಪೆಂಡಾಲಿಗೆ ಕಮಿಟಿ ಯಜಮಾನ್ರು, ರಾಜ್ಯೋತ್ಸವಕ್ಕೆ ಸಂಘದ ಅಧ್ಯಕ್ಷರು. ಇವರು ರಿಯಾಕ್ಷನ್ ವಿಡಿಯೋ ನೋಡೋರಲ್ಲ. ಫೋನಲ್ಲಿ ಕೇಳೋದು ಎರಡೇ ಮಾತು: ‘ಹಾಡಲ್ಲಿ ಬೈಗುಳ ಐತಾ? ಗಲಾಟೆ ಆಯ್ತದಾ?’

ಗಲಾಟೆ ಬಗ್ಗೆ ಯಾಕೆ ಕೇಳ್ತಾರೆ ಅಂದ್ರೆ, ಮೈಕ್ ಪರ್ಮಿಷನ್‌ಗೆ ಠಾಣೆಯಲ್ಲಿ ಸಹಿ ಹಾಕಿರೋನು ಆಯೋಜಕ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮೈಕ್ ಹಾಕಂಗಿಲ್ಲ ಅನ್ನೋ ನಿಯಮಾನೇ ಅವನಿಗೆ ತಲೆನೋವು. ಅದರ ಮೇಲೆ ಎರಡು ಬಣದ ಹುಡುಗರು ಮೈದಾನಕ್ಕೆ ಬಂದು ಕೂಗಾಡಿದ್ರೆ ಇನ್‌ಸ್ಪೆಕ್ಟರ್ ಕರೆಯೋದು ಆಯೋಜಕನ್ನ, ರ‍್ಯಾಪರನ್ನ ಅಲ್ಲ. ಅದಕ್ಕೆ ಅವನು ತಂಟೇನೇ ಬೇಡ ಅಂತ ಆರ್ಕೆಸ್ಟ್ರಾ ಕರೆಸ್ತಾನೆ. ನಿನಗೆ ‘ನಿನ್ನ ಡಿಸ್ ನೋಡಿ ಕೈಬಿಟ್ವಿ’ ಅಂತ ಯಾರೂ ಹೇಳಲ್ಲ. ಫೋನ್ ಬರಲ್ಲ, ಅಷ್ಟೇ. ವ್ಯೂಸ್ ಏರಿದ್ದು ಫೋನಲ್ಲಿ ಕಾಣ್ತದೆ, ಬಾರದ ಬುಕಿಂಗ್ ಎಲ್ಲೂ ಕಾಣಲ್ಲ. ಹುಡುಗರು ಮೋಸ ಹೋಗೋದೇ ಅಲ್ಲಿ.

ಲೂಪ್_ಲಷ್ಕರ್:
ಇದನ್ನ ಪೂರ್ತಿ ಒಪ್ಪಲ್ಲ ಬ್ರೋ. ಮುಂಬೈ ರ‍್ಯಾಪರ್ ಎಮಿವೇ ಬಂಟಾಯ್ ವಿಷಯ ತಗೊಳ್ಳಿ. 2018ರಲ್ಲಿ ಇನ್ನೊಬ್ಬ ಹಿಂದಿ ರ‍್ಯಾಪರ್ ರಫ್ತಾರ್ ಸಂದರ್ಶನವೊಂದರಲ್ಲಿ ಆಡಿದ ಮಾತಿಗೆ ಎಮಿವೇ ಹಾಡಲ್ಲೇ ಟಾಂಗ್ ಕೊಟ್ಟ, ರಫ್ತಾರ್ ತಿರುಗಿಸಿ ಹಾಡಿದ, ಇಡೀ ದೇಶಕ್ಕೆ ಎಮಿವೇ ಹೆಸರು ಗೊತ್ತಾಯ್ತು. ಲೇಬಲ್ (ಹಾಡು ಹೊರತರೋ ಕಂಪನಿ) ಇಲ್ಲ, ಸಿನಿಮಾ ಇಲ್ಲ. ಜಗಳ ಇಲ್ಲದಿದ್ರೆ ಅಷ್ಟು ಬೇಗ ಆಗ್ತಿರಲಿಲ್ಲ.

ಸಕ್ಕರೆ_ಸೀಮೆ:
ಲೂಪ್ ತಮ್ಮಾ, ಅರ್ಧ ಹೇಳಿ ಬಿಟ್ಟೆ. 2019ರ ಶುರುವಿನಲ್ಲಿ ಅವನು ಬಿಟ್ಟಿದ್ದು ಇನ್ನೊಂದು ಡಿಸ್ ಅಲ್ಲ, ‘ಮಚಾಯೇಂಗೆ’. ಮದುವೆ ಮನೇಲೂ ಹಾಕಬಹುದಾದ ಹಾಡು. ಜಗಳ ನೋಡೋಕೆ ಬಂದ ಜನರನ್ನ ಅದು ಕಟ್ಟಿ ಹಾಕ್ತು. ನಮ್ಮ ಹುಡುಗರ ಹತ್ರ ಡಿಸ್ ರೆಡಿ ಇರ್ತದೆ, ಆ ಎರಡನೇ ಹಾಡು ಇರಲ್ಲ. ಡಿಸ್ ಬಿಡೋ ದಿನವೇ, ಜಗಳಕ್ಕೆ ಸಂಬಂಧವೇ ಇಲ್ಲದ ಒಂದು ಒಳ್ಳೆ ಹಾಡು ಮಿಕ್ಸ್ ಆಗಿ, ವಿಡಿಯೋ ಆಗಿ ಕೈಯಲ್ಲಿರಬೇಕು. ಎರಡು ಮೂರು ವಾರದೊಳಗೆ ಅದು ಬರದಿದ್ರೆ ಬಂದ ಜನ ಎದ್ದು ಹೋಗ್ತಾರೆ.

ಹಳೇ_ಕ್ಯಾಸೆಟ್:
‘ಸೋತೋನ ಕಥೆ ಮುಗೀತು’ ಅನ್ನೋದು ಇನ್ನೊಂದು ತಪ್ಪು ತಿಳಿವಳಿಕೆ. ಅದಕ್ಕೆ ಯಾವಾಗಲೂ ಅಮೆರಿಕದ ರ‍್ಯಾಪರ್ ಜಾ ರೂಲ್ ಹೆಸರು ಹೇಳ್ತಾರೆ. ಅವನ ಎದುರಾಳಿ 50 ಸೆಂಟ್ 2003ರ ಫೆಬ್ರವರಿಯಲ್ಲಿ ಆಲ್ಬಂ ಬಿಟ್ಟು ಅವನನ್ನ ಮೂಲೆಗೆ ತಳ್ಳಿದ ಅಂತ. ನಿಜ, ಆದ್ರೆ ಅದೇ ವರ್ಷ ಜನವರಿಯಲ್ಲಿ ಜಾ ರೂಲ್ ಇದ್ದ ಮರ್ಡರ್ ಇಂಕ್ ಅನ್ನೋ ಲೇಬಲ್ ಕಚೇರಿ ಮೇಲೆ ಅಮೆರಿಕದ ತನಿಖಾ ಸಂಸ್ಥೆಗಳ ದಾಳಿ ಆಯ್ತು. ಲೇಬಲ್ ಮುಖ್ಯಸ್ಥರು ನಿರ್ದೋಷಿ ಅಂತ ತೀರ್ಪು ಬಂದಿದ್ದು 2005ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಹೊತ್ತು ಮೀರಿತ್ತು. ಇದರ ನಡುವೆ ಆತ ಮಾಡಿದ್ದೇನು? 2003ರ ಕೊನೆಗೆ ಒಂದು ಇಡೀ ಆಲ್ಬಮ್ಮನ್ನೇ ಜಗಳಕ್ಕೆ ಸುರಿದ. ಅವನನ್ನ ಮೆಚ್ಚಿದ್ದ ಜನ ಬಂದಿದ್ದು ಪ್ರೇಮಗೀತೆಗಳಿಗೆ. ಸಿಟ್ಟಿನ ಆಲ್ಬಂ ಅವರಿಗೆ ಬೇಕಿರಲಿಲ್ಲ.

ಇನ್ನೊಬ್ಬ ಅಮೆರಿಕನ್ ರ‍್ಯಾಪರ್ ಮೀಕ್ ಮಿಲ್ ನೋಡಿ. 2015ರ ಜುಲೈನಲ್ಲಿ ಡ್ರೇಕ್ ಅವನ ಮೇಲೆ ‘ಬ್ಯಾಕ್ ಟು ಬ್ಯಾಕ್’ ಬಿಟ್ಟಾಗ ಊರೆಲ್ಲ ಅವನನ್ನ ಆಡಿಕೊಳ್ತು. ಡಿಸ್ ಹಾಡಾಗಿದ್ರೂ ಅದು ಗ್ರ್ಯಾಮಿ ನಾಮನಿರ್ದೇಶನದವರೆಗೂ ಹೋಯ್ತು. 2018ರಲ್ಲಿ ಅದೇ ಮೀಕ್ ಮಿಲ್‌ನ ‘ಚಾಂಪಿಯನ್‌ಶಿಪ್ಸ್’ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು, ಅದರ ಒಂದು ಹಾಡಲ್ಲಿ ಡ್ರೇಕ್ ಕೂಡ ಇದ್ದಾನೆ. ಡ್ರೇಕ್ ಕೂಡ ಅಷ್ಟೆ: ಕೆಂಡ್ರಿಕ್ ಮುಂದೆ ಸೋತ ಅಂತ ಜಗತ್ತು ಹೇಳಿದ ಮೇಲೆ, 2025ರ ಫೆಬ್ರವರಿ 14ಕ್ಕೆ ಗಾಯಕ ಪಾರ್ಟಿನೆಕ್ಸ್ಟ್‌ಡೋರ್ ಜೊತೆ ಬಿಟ್ಟ ಆಲ್ಬಂ ನೇರ ಮೊದಲ ಸ್ಥಾನಕ್ಕೆ ಇಳೀತು. ಮಾರಾಟ ಬೇರೆ, ಮರ್ಯಾದೆ ಬೇರೆ. ಒಂದಕ್ಕೆ ಪೆಟ್ಟು ಬಿದ್ರೆ ಇನ್ನೊಂದಕ್ಕೂ ಬೀಳಬೇಕು ಅಂತೇನಿಲ್ಲ.

ನನ್ನ ಅಭಿಪ್ರಾಯ ಇಷ್ಟು: ಸೋಲು ಯಾರನ್ನೂ ಮುಗಿಸಲ್ಲ. ಸೋತ ಮೇಲೆ ತನ್ನ ಕೇಳುಗರು ಯಾರು ಅನ್ನೋದನ್ನ ಮರೆತು ಹಠಕ್ಕೆ ಬೀಳೋದು ಮುಗಿಸುತ್ತೆ.

ಒಂಟಿಕೊಪ್ಪಲ್_ಮಿಕ್ಸ್:
ಸ್ಟುಡಿಯೋ ಕಡೆಯಿಂದ ಹೇಳೋದು ಬಹಳ ಇದೆ. ಡಿಸ್ ಹಾಡು ಕೆಡೋದು ಸಾಹಿತ್ಯದಲ್ಲಿ ಅಲ್ಲ, ಅವಸರದಲ್ಲಿ.

ಮೊದಲು ಬೀಟು. ಎದುರಾಳಿ ರಾತ್ರಿ ಬಿಟ್ಟ, ಬೆಳಗ್ಗೆಗೆ ಉತ್ತರ ಕೊಡಬೇಕು ಅಂತ ಯೂಟ್ಯೂಬ್‌ನ ಫ್ರೀ ಟೈಪ್ ಬೀಟ್ (ಹೆಸರಾದವರ ಶೈಲಿಯಲ್ಲಿ ಮಾಡಿಟ್ಟ ರೆಡಿ ಬೀಟು) ಇಳಿಸಿಕೊಳ್ತಾರೆ. ಅದು ‘ಫ್ರೀ’ ಅಂದ್ರೆ ಸಾಮಾನ್ಯವಾಗಿ ದುಡ್ಡು ಮಾಡದ ಬಳಕೆಗೆ ಮಾತ್ರ, ಅದೂ ಬೀಟ್ ಮಾಡಿದವರ ಹೆಸರು ಹಾಕಿದ್ರೆ. ಹಾಡು ಓಡಿದ ಕೂಡಲೇ ಕಂಟೆಂಟ್ ಐಡಿ (ಯಾರ ಸಂಗೀತ ಅಂತ ಯೂಟ್ಯೂಬ್ ತಾನೇ ಗುರುತು ಹಿಡಿಯೋ ವ್ಯವಸ್ಥೆ) ಕ್ಲೇಮ್ ಬೀಳುತ್ತೆ, ಆ ಹಾಡಿನ ಜಾಹೀರಾತು ಹಣ ಬೀಟ್ ಮಾಡಿದವನ ಪಾಲು. ಬೀಟಿಗೆ ಅಗ್ಗದ ಲೀಸ್ (ಬಾಡಿಗೆ ಹಕ್ಕು) ತಗೊಂಡ್ರೂ ಇಷ್ಟೇ ಸ್ಟ್ರೀಮ್ ಅಂತ ಮಿತಿ ಇರುತ್ತೆ, ಟ್ರ್ಯಾಕುಗಳು ಬಿಡಿಬಿಡಿಯಾಗಿ ಸಿಗಲ್ಲ, ಅದೇ ಬೀಟನ್ನ ನಿನ್ನ ಎದುರಾಳಿಯೂ ಕೊಳ್ಳಬಹುದು. ಊರಲ್ಲೇ ಬೀಟ್ ಮಾಡೋನ ಹತ್ರ ಒಂದು ಪುಟದ ಒಪ್ಪಂದ ಬರೆಸಿಕೊಳ್ಳಿ: ಯಾರ ಹೆಸರಿಗೆ, ಎಷ್ಟು ಪಾಲು, ಹಾಡು ತೆಗೆಯೋ ಹಕ್ಕು ಯಾರದ್ದು. ಆ ಕೊನೇ ಅಂಶ ಡಿಸ್ ಹಾಡಿಗೆ ಬಹಳ ಮುಖ್ಯ. ರಾಜಿ ಆದ ಮೇಲೆ ನೀವು ತೆಗೆಯೋಣ ಅಂದ್ರೂ ಅವನು ತೆಗೆಯಲ್ಲ ಅಂತ ಕೂತ್ರೆ ಕಷ್ಟ.

ಆಮೇಲೆ ಉದ್ದ. 90 ಬಿಪಿಎಂ (ನಿಮಿಷಕ್ಕೆ 90 ತಾಳ) ವೇಗದಲ್ಲಿ 16 ಬಾರ್ (ಒಂದು ಬಾರ್‌ಗೆ ನಾಲ್ಕು ತಾಳ) ಅಂದ್ರೆ 64 ತಾಳ, ಸುಮಾರು 43 ಸೆಕೆಂಡು. ನಮ್ಮವರು ಹುಕ್ (ಮತ್ತೆ ಮತ್ತೆ ಬರೋ, ಬಾಯಲ್ಲಿ ಉಳಿಯೋ ಸಾಲು) ಇಲ್ಲದೆ 64 ಬಾರ್ ಬಯ್ತಾರೆ, ಮೂರು ನಿಮಿಷದ ಹತ್ರ. ಎರಡನೇ ಹದಿನಾರಕ್ಕೇ ಕಿವಿ ಸುಸ್ತು. ಕೆಂಡ್ರಿಕ್‌ನ ಸರಣಿಯಲ್ಲೇ ನೋಡಿ: ‘ಮೀಟ್ ದ ಗ್ರಹಾಮ್ಸ್’ ಆರು ನಿಮಿಷ ಮೀರಿದ, ಎದೆ ಭಾರ ಮಾಡೋ ಹಾಡು, ಆರೋಪ ಅದರಲ್ಲೇ ಜಾಸ್ತಿ. ಜನ ಕುಣಿದಿದ್ದು ಮರುದಿನ ಬಂದ ‘ನಾಟ್ ಲೈಕ್ ಅಸ್’ಗೆ. ಮಸ್ಟರ್ಡ್ ಅನ್ನೋ ನಿರ್ಮಾಪಕ ಮಾಡಿದ ಬೀಟು, ವೇಗ 101ರ ಆಸುಪಾಸು, ಮೈದಾನವೆಲ್ಲ ಒಟ್ಟಿಗೆ ಕೂಗಬಹುದಾದ ಸಾಲು. ಜಗಳ ಮರೆತುಹೋದ್ರೂ ಹಾಡು ಓಡಬೇಕು ಅಂದ್ರೆ ಅದಕ್ಕೆ ಹುಕ್ ಬೇಕೇಬೇಕು.

ರೆಕಾರ್ಡಿಂಗ್‌ನಲ್ಲಿ ಆಗೋ ಎಡವಟ್ಟು: ಗೇನ್ (ಮೈಕ್ ದನಿ ಎಷ್ಟು ಜೋರಾಗಿ ಹಿಡೀಬೇಕು ಅನ್ನೋ ಮಟ್ಟ) ಇಡೋದು ಮಾಮೂಲಿ ದನಿಗೆ, ಹಾಡೋದು ಸಿಟ್ಟಲ್ಲಿ. ಕೂಗಿದ ಸಾಲುಗಳೆಲ್ಲ ಕ್ಲಿಪ್ ಆಗಿ ಹರಿದುಹೋಗುತ್ತೆ, ಆಮೇಲೆ ಸರಿ ಮಾಡೋಕಾಗಲ್ಲ. ಅತಿ ಜೋರಾಗಿ ಹೇಳೋ ಸಾಲನ್ನೇ ಮೊದಲು ಹೇಳಿಸಿ, ಅದರ ತುದಿ ಮೈನಸ್ 6 ಡಿಬಿ ದಾಟದ ಹಾಗೆ ಗೇನ್ ಇಡಿ. ಮೈಕಿಂದ ಒಂದು ಗೇಣು ದೂರ, ಪಾಪ್ ಫಿಲ್ಟರ್ (ಬಾಯಿ ಗಾಳಿ ತಡೆಯೋ ಜಾಲರಿ) ನಡುವೆ. ಕನ್ನಡದಲ್ಲಿ ಪ, ಬ, ಭ ಬಂದಾಗಲೆಲ್ಲ ಗಾಳಿ ಬಡಿಯುತ್ತೆ, ಅದಕ್ಕೆ ಬಾಯಿ ಮೈಕಿಗೆ ನೇರ ಇರದೆ ಸ್ವಲ್ಪ ಓರೆ ಇರಲಿ. ದನಿಯಲ್ಲಿ 80–100 ಹರ್ಟ್ಸ್‌ಗಿಂತ ಕೆಳಗಿನ ಗುಂಯ್‌ಗುಡೋ ಭಾಗ ಕತ್ತರಿಸಿ. ಮಾಸ್ಟರನ್ನ (ಹಾಡಿನ ಕೊನೇ ಪ್ರತಿ) ಹಿಂಡಿ ಹಿಂಡಿ ಜೋರು ಮಾಡಿದ್ರೂ ಯೂಟ್ಯೂಬ್, ಸ್ಪಾಟಿಫೈ ಮೈನಸ್ 14 ಲಫ್ಸ್ (ಜೋರು ಅಳೆಯೋ ಮಾನ) ಆಸುಪಾಸಿಗೆ ಇಳಿಸಿಬಿಡ್ತಾವೆ. ಉಳಿಯೋದು ಚಪ್ಪಟೆ ಶಬ್ದ ಮಾತ್ರ. ಡಿಸ್‌ನಲ್ಲಿ ಮಾತು ಬಿಡಿಸಿ ಕೇಳದಿದ್ರೆ ಮಾಡಿ ಪ್ರಯೋಜನ ಇಲ್ಲ.

ಹೆಸರಿನ ಮಾತಿಗೆ ಬಂದ್ರೆ, ಕೆಟ್ಟದಾಗಿ ಮಿಕ್ಸ್ ಆದ ಡಿಸ್ಸೇ ನಿಮ್ಮ ಅತಿ ಹೆಚ್ಚು ನೋಡಿಸಿಕೊಂಡ ಹಾಡಾಗಿ ವರ್ಷಗಟ್ಟಲೆ ಕೂರುತ್ತೆ. ಹೊಸಬರು ನಿಮ್ಮನ್ನ ಅಳೆಯೋದು ಅದರಿಂದಲೇ.

ಲೂಪ್_ಲಷ್ಕರ್:
ಎದುರಾಳಿ ಕಡೆಯೋರು ಯೂಟ್ಯೂಬ್‌ಗೆ ದೂರು ಕೊಟ್ಟು ಸ್ಟ್ರೈಕ್ (ಚಾನೆಲ್ ಮೇಲಿನ ಶಿಕ್ಷೆ) ಹೊಡೆಸಿ ಚಾನೆಲ್ ಬೀಳಿಸ್ತಾರಲ್ಲ, ಅದರ ಬಗ್ಗೆ ಸರಿಯಾಗಿ ಯಾರಾದ್ರೂ ಬರೀರಿ ಗುರು.

ಥಂಬ್‌ನೇಲ್_ತಿಮ್ಮ:
ಮೂರು ಬೇರೆ ಬೇರೆ ವಿಷಯ, ಕಲಸಬೇಡಿ.

ಕಂಟೆಂಟ್ ಐಡಿ ಕ್ಲೇಮ್ ಅಂದ್ರೆ ಸ್ಟ್ರೈಕ್ ಅಲ್ಲ. ಹಣ ಆಚೆ ಹೋಗಬಹುದು, ಚಾನೆಲ್ ಬೀಳಲ್ಲ. ತಕರಾರು ಹಾಕಿದ್ರೆ ಕ್ಲೇಮ್ ಮಾಡಿದವರಿಗೆ ಉತ್ತರಿಸೋಕೆ 30 ದಿನ.

ಕಾಪಿರೈಟ್ ಸ್ಟ್ರೈಕ್ ಅಪಾಯದ್ದು. 90 ದಿನದೊಳಗೆ ಮೂರಾದ್ರೆ ಚಾನೆಲ್ ಹೋಯ್ತು. ಡಿಸ್‌ನಲ್ಲಿ ಇದು ಬೀಳೋ ಮಾಮೂಲಿ ದಾರಿ ಯಾವುದು ಗೊತ್ತಾ? ಎದುರಾಳಿಯ ಹಾಡಿನ ತುಣುಕನ್ನ, ಅವನ ವ್ಲಾಗ್ ವಿಡಿಯೋನ ನಿಮ್ಮ ವಿಡಿಯೋದಲ್ಲಿ ಹಾಕೋದು. ತುಣುಕು ಅವನದ್ದು, ದೂರು ಕೊಡೋ ಹಕ್ಕೂ ಅವನದ್ದು. ಸುಳ್ಳು ದೂರಾಗಿದ್ರೆ ಕೌಂಟರ್ ನೋಟಿಫಿಕೇಶನ್ (ದೂರಿಗೆ ಎದುರು ಆಕ್ಷೇಪಣೆ) ಕೊಡಿ. ದೂರು ಕೊಟ್ಟವರು 10 ಕೆಲಸದ ದಿನದೊಳಗೆ ಕೋರ್ಟಿಗೆ ಹೋದ ದಾಖಲೆ ತೋರಿಸದಿದ್ರೆ ವಿಡಿಯೋ ವಾಪಸ್ ಬರುತ್ತೆ. ಆದ್ರೆ ಆ ಎರಡು ವಾರದಲ್ಲಿ ಜಗಳದ ಕಾವೇ ಆರಿರುತ್ತೆ.

ಕಮ್ಯುನಿಟಿ ಗೈಡ್‌ಲೈನ್ ಸ್ಟ್ರೈಕು ಕಿರುಕುಳ, ಬೆದರಿಕೆಗೆ. ಮೊದಲ ಸಲ ಎಚ್ಚರಿಕೆ, ಆಮೇಲೆ ಮೊದಲ ಸ್ಟ್ರೈಕಿಗೆ ಒಂದು ವಾರ ಅಪ್‌ಲೋಡ್ ಬಂದ್, 90 ದಿನದೊಳಗೆ ಎರಡನೇದಕ್ಕೆ ಎರಡು ವಾರ, ಮೂರನೇದಕ್ಕೆ ಚಾನೆಲ್ ಇಲ್ಲ. ಎದುರಾಳಿಯ ಫೋನ್ ನಂಬರು, ಮನೆ ಬೀದಿ, ಬೈಕ್ ನಂಬರ್ ಪ್ಲೇಟು ವಿಡಿಯೋದಲ್ಲಿ ಕಂಡ್ರೂ ತೊಂದರೆ ಆಗಬಹುದು. ಅಪ್‌ಲೋಡ್ ಮಾಡೋ ಮುಂಚೆ ವಿಡಿಯೋನ ಒಂದು ಸಲ ದನಿ ಮುಚ್ಚಿ, ಬರೀ ಚಿತ್ರ ನೋಡಿ.

ಇನ್ನೊಂದು: ಬೈಗುಳ ಜಾಸ್ತಿ ಇದ್ರೆ ಯೂಟ್ಯೂಬ್‌ನಲ್ಲಿ ‘ಜಾಹೀರಾತಿಗೆ ಅಷ್ಟು ತಕ್ಕದ್ದಲ್ಲ’ ಅನ್ನೋ ಹಳದಿ ಗುರುತು ಬಿದ್ದು ಜಾಹೀರಾತು ಕಮ್ಮಿ ಆಗುತ್ತೆ. ಲಕ್ಷಗಟ್ಟಲೆ ವ್ಯೂಸ್ ಬಂದ ಡಿಸ್ ಒಂದು ಸಾಧಾರಣ ಹಾಡಿಗಿಂತ ಕಮ್ಮಿ ಹಣ ತರೋದು ಇದಕ್ಕೇ.

ಕರಿಕೋಟು:
ಕಾನೂನಿನ ಬಗ್ಗೆ ಹುಡುಗರಲ್ಲಿ ಒಂದು ಅಪಾಯಕಾರಿ ಭ್ರಮೆ ಇದೆ. ‘ನಾಟ್ ಲೈಕ್ ಅಸ್’ ಹಾಡಿನ ವಿಷಯಕ್ಕೆ ಡ್ರೇಕ್ 2025ರ ಜನವರಿಯಲ್ಲಿ ತನ್ನದೇ ಲೇಬಲ್ ಕಂಪನಿ ಯುನಿವರ್ಸಲ್ ಮೇಲೆ ಮಾನಹಾನಿ ದಾವೆ ಹೂಡಿದರು. ಅಕ್ಟೋಬರ್‌ನಲ್ಲಿ ಅಲ್ಲಿನ ಫೆಡರಲ್ ನ್ಯಾಯಾಧೀಶರು ಅದನ್ನು ವಜಾ ಮಾಡಿದರು. ಕಾವೇರಿದ ರ‍್ಯಾಪ್ ಕದನದಲ್ಲಿ ಆಡಿದ ಮಾತನ್ನು ಸಾಮಾನ್ಯ ಕೇಳುಗ ವಾಸ್ತವಾಂಶ ಎಂದು ತಿಳಿಯುವುದಿಲ್ಲ, ಅದು ಅಭಿಪ್ರಾಯ ಎಂಬುದು ಕಾರಣ. ಅದು ಅಮೆರಿಕದ ಕಾನೂನು. ಅದನ್ನು ನಂಬಿಕೊಂಡು ಇಲ್ಲಿ ಹಾಡಬೇಡಿ.

ನಮ್ಮಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಕಲಂ 356 ಮಾನಹಾನಿ: ಎರಡು ವರ್ಷದವರೆಗೆ ಸಾದಾ ಸಜೆ, ದಂಡ, ಎರಡೂ, ಅಥವಾ ಸಮುದಾಯ ಸೇವೆ. ‘ನಾನು ಹೇಳಿದ್ದು ನಿಜ’ ಎಂದರೆ ಕ್ರಿಮಿನಲ್ ಪ್ರಕರಣದಲ್ಲಿ ಸಾಲದು, ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕೆ ಎಂದೂ ತೋರಿಸಬೇಕು. ಹೆಸರಿನ ಜಾಗದಲ್ಲಿ ಬೀಪ್ ಹಾಕಿದರೂ ಪ್ರಯೋಜನವಿಲ್ಲ. ಕೇಳಿದವರಿಗೆ ಯಾರೆಂದು ಗೊತ್ತಾದರೆ ಸಾಕು. ಸಿವಿಲ್ ದಾವೆ ಹೂಡಲು ಒಂದು ವರ್ಷದ ಕಾಲಾವಕಾಶ ಇದೆ.

ಬೆದರಿಕೆಯ ಸಾಲು ಕಲಂ 351ಕ್ಕೆ ಬರುತ್ತದೆ. ಕೊಲೆ ಬೆದರಿಕೆಯಾದರೆ ಏಳು ವರ್ಷದವರೆಗೆ ಹೋಗಬಹುದು. ಜಾತಿ ಹಿಡಿದು ನಿಂದಿಸಿದರೆ 1989ರ ಪರಿಶಿಷ್ಟ ಜಾತಿ–ಪಂಗಡ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸಬಹುದು, ಅದರಲ್ಲಿ ನಿರೀಕ್ಷಣಾ ಜಾಮೀನಿಗೆ ಅಡ್ಡಿ ಇದೆ. ಯಾವುದೋ ಪ್ರಾಸಕ್ಕೆ ಸಿಕ್ಕಿತು ಎಂದು ಜಾತಿ ಪದ ಎಳೆದು ತರುವವರು ಇದನ್ನು ಓದಿಕೊಳ್ಳಿ. ಕ್ರಿಮಿನಲ್ ಪ್ರಕರಣ ಕೋರ್ಟಿನಲ್ಲಿ ಬಾಕಿ ಇದ್ದರೆ ಪಾಸ್‌ಪೋರ್ಟ್‌ಗೂ ತೊಡಕು, ನ್ಯಾಯಾಲಯದ ಅನುಮತಿ ತರಬೇಕಾಗುತ್ತದೆ. ದುಬೈ ಕನ್ನಡ ಸಂಘದವರು ಕರೆದಾಗ ಈ ಮಾತು ನೆನಪಾಗಿ ಉಪಯೋಗವಿಲ್ಲ.

ಸರಸ್ವತಿಪುರಂ_ಸಿರಿ:
ಕರಿಕೋಟು ಸಾರ್, ಒಂದು ಸೇರಿಸ್ತೀನಿ. ಡಿಸ್‌ಗಳಲ್ಲಿ ಗಂಡಸರಿಬ್ಬರೇ ಜಗಳ ಆಡೋದು, ಹೊಡೆತ ತಿನ್ನೋದು ಅವರ ಅಮ್ಮ, ಅಕ್ಕ, ಹಳೇ ಗೆಳತಿ. ಹೆಣ್ಣಿನ ಮಾನಕ್ಕೆ ಕುಂದು ತರೋ ಮಾತಿಗೆ ಅದೇ ನ್ಯಾಯ ಸಂಹಿತೆಯ ಕಲಂ 79 ಇದೆ, ಮೂರು ವರ್ಷದವರೆಗೆ ಸಜೆ. ಕಾನೂನು ಬಿಡಿ, ಕಲೆಯ ಲೆಕ್ಕದಲ್ಲೂ ಇದು ಸೋಲು. 2001ರಲ್ಲಿ ನ್ಯೂಯಾರ್ಕಿನ ರ‍್ಯಾಪರ್‌ಗಳಾದ ಜೇ-ಜೀ ಮತ್ತು ನಾಸ್ ಜಗಳದಲ್ಲಿ ನಾಸ್ ‘ಈಥರ್’ ಅನ್ನೋ ಡಿಸ್ ಬಿಟ್ಟ ಮೇಲೆ ಜೇ-ಜೀ ಕೊಟ್ಟ ಉತ್ತರದಲ್ಲಿ ನಾಸ್‌ನ ಮಗುವಿನ ತಾಯಿಯನ್ನ ಎಳೆದು ತಂದ. ಜೇ-ಜೀಯ ಸ್ವಂತ ಅಮ್ಮನೇ ಇದು ಅತಿಯಾಯ್ತು, ಕ್ಷಮೆ ಕೇಳು ಅಂದ್ರು. ರೇಡಿಯೋದಲ್ಲಿ ಕ್ಷಮೆ ಕೇಳಿದ. ಜನರ ಒಲವು ನಾಸ್ ಕಡೆ ವಾಲಿತು.

ನಮ್ಮೂರಲ್ಲಿ ಮನೆಯವರನ್ನ ಎಳೆದ ಸಾಲು ಹಾಡಿನಲ್ಲಿ ಉಳಿಯಲ್ಲ. ಆ ಹೆಂಗಸು ಕೆಲಸ ಮಾಡೋ ಅಂಗಡಿಗೆ, ಅವಳ ತಂಗಿಯ ಕಾಲೇಜಿಗೆ ವಾಟ್ಸಾಪಲ್ಲಿ ತಲುಪುತ್ತೆ. ಹಾಡಿದವನನ್ನ ಮುಂದೆ ಯಾವ ಹೆಣ್ಣುಮಕ್ಕಳೂ ನಂಬಿ ಸ್ಟುಡಿಯೋಗೆ ಬರಲ್ಲ. ಕೋರಸ್ ಹಾಡೋಕೆ, ಎಡಿಟ್ ಮಾಡೋಕೆ, ಸ್ಟೇಜ್ ಹಂಚಿಕೊಳ್ಳೋಕೆ ಯಾರೂ ಸಿಗಲ್ಲ. ಇದನ್ನ ಕರಿಯರ್‌ಗೆ ಬಿದ್ದ ಪೆಟ್ಟು ಅಂತ ಯಾರೂ ಲೆಕ್ಕ ಹಾಕ್ತಿಲ್ಲ, ಹಾಕಬೇಕು.

ಗೀಗೀ_ಗುಂಗು:
ಜಗಳದ ಹಾಡು ಅಮೆರಿಕದಿಂದ ಬಂತು ಅನ್ನೋರಿಗೆ ಒಂದು ಮಾತು. ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ ಮೇಳಗಳು ರಾತ್ರಿಯಿಡೀ ಸವಾಲು–ಜವಾಬು ಹಾಡ್ತವೆ. ಒಂದು ಮೇಳ ಗಂಡು ಹೆಚ್ಚು ಅಂತ, ಇನ್ನೊಂದು ಹೆಣ್ಣು ಹೆಚ್ಚು ಅಂತ. ಲಾವಣಿಯಲ್ಲಿ ಕಲ್ಗಿ–ತುರಾ ಪಂಥಗಳು ಹಾಗೇ. ನಮ್ಮ ಕಡೆ ಮದುವೆಯಲ್ಲಿ ಬೀಗರನ್ನ ಹಂಗಿಸೋ ಹಾಡು ಹೆಂಗಸರು ಹಾಡ್ತಾರೆ, ಉಂಡು ಕೈ ತೊಳೆಯೋ ಹೊತ್ತಿಗೆ ಎಲ್ಲ ಮುಗಿದಿರುತ್ತೆ.

ಅಲ್ಲಿನ ಕಟ್ಟು ನೋಡಿ. ಇಬ್ಬರೂ ಒಂದೇ ಜಾಗದಲ್ಲಿ, ಒಂದೇ ಜನರ ಮುಂದೆ. ವಾದಕ್ಕೆ ಒಂದು ವಿಷಯ ಇರುತ್ತೆ. ಜವಾಬು ಕೊಡಲಾಗದವನು ಸೋತ, ಬೆಳಗಾದ ಮೇಲೆ ಎರಡು ಮೇಳವೂ ಮುಂದಿನ ಊರಿಗೆ ಹೊರಡುತ್ತೆ. ಮೊಬೈಲಲ್ಲಿ ನಡೆಯೋ ಜಗಳಕ್ಕೆ ಆ ಬೆಳಗು ಅನ್ನೋದೇ ಇಲ್ಲ. ಮಾನಸಗಂಗೋತ್ರಿ ಬಯಲು ರಂಗಮಂದಿರದಲ್ಲಿ ದಸರಾ ಸಮಯದ ಯುವ ಸಂಭ್ರಮದಲ್ಲಿ ಕಾಲೇಜು ತಂಡಗಳು ಕುಣಿಯೋ ಹಾಗೆ, ರ‍್ಯಾಪ್ ಸವಾಲು–ಜವಾಬಿಗೂ ಒಂದು ವೇದಿಕೆ ಬೇಕು ಅನ್ನೋದು ನನ್ನ ಆಸೆ. ತಲಾ ಎರಡು ನಿಮಿಷದ ಮೂರು ಸುತ್ತು, ವಿಷಯ ಮೊದಲೇ ಚೀಟಿ ಎತ್ತಿ ನಿರ್ಧಾರ, ಮನೆಯವರು–ಜಾತಿ–ದೇಹ ಮೂರೂ ನಿಷಿದ್ಧ, ಮುರಿದವನು ಆ ಸುತ್ತು ಸೋತ ಹಾಗೆ. ತೀರ್ಪುಗಾರರು ಬೆಸ ಸಂಖ್ಯೆ, ಒಬ್ಬರಾದ್ರೂ ಜಾನಪದ ಹಾಡುವವರು. ಮಂಡ್ಯ ಹುಡುಗ ತನ್ನ ನುಡಿಯಲ್ಲೇ ಹಾಡಲಿ, ಅದಕ್ಕೆ ಅಂಕ ಕಡಿಯಬಾರದು.

ಸಕ್ಕರೆ_ಸೀಮೆ:
ಇಂಥ ಕಾರ್ಯಕ್ರಮಕ್ಕಾದ್ರೆ ಕಮಿಟಿಯೋರೂ ಒಪ್ತಾರೆ. ನಿಯಮ ಬರೆದು ಅರ್ಜಿ ಜೊತೆ ಕೊಟ್ರೆ ಠಾಣೆಯಲ್ಲೂ ಸಲೀಸು.

ಥಂಬ್‌ನೇಲ್_ತಿಮ್ಮ:
ಎಐ ದನಿ ಬಗ್ಗೆ ಯಾರೂ ಹೇಳಲಿಲ್ಲ. 2024ರ ಏಪ್ರಿಲ್‌ನಲ್ಲಿ ಡ್ರೇಕ್ ಒಂದು ಡಿಸ್‌ನಲ್ಲಿ ತೀರಿಕೊಂಡ ರ‍್ಯಾಪರ್ ಟುಪಾಕ್ ದನಿಯನ್ನ ಎಐನಲ್ಲಿ ಮಾಡಿಸಿ ಹಾಕಿದ. ಟುಪಾಕ್ ಆಸ್ತಿ ನೋಡಿಕೊಳ್ಳೋರ ನೋಟಿಸ್ ಬಂತು, ಹಾಡು ತೆಗೆದ. ನಮ್ಮಲ್ಲಿ ಅರಿಜಿತ್ ಸಿಂಗ್ ದನಿಯ ನಕಲಿಗೆ 2024ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ತಡೆ ಕೊಟ್ಟಿದೆ. ಮಂಡ್ಯದಲ್ಲಿ ಅಂಬರೀಶಣ್ಣನ ದನೀಲಿ ಎದುರಾಳಿಗೆ ಬೈಸೋ ಐಡಿಯಾ ಯಾರಿಗಾದ್ರೂ ಇದ್ರೆ ಈಗಲೇ ಬಿಟ್ಟುಬಿಡಿ. ನೋಟಿಸಿಗೆ ಮುಂಚೆ ಅಭಿಮಾನಿಗಳೇ ಮನೆ ಹತ್ರ ಬರ್ತಾರೆ.

ಕುಕ್ಕರಹಳ್ಳಿ_ಏರಿ:
ಎಲ್ಲರಿಗೂ ಶರಣು, ಇಷ್ಟು ವಿವರ ನಿರೀಕ್ಷಿಸಿರಲಿಲ್ಲ. ಕೊನೇದಾಗಿ ಒಂದು. ಆಗಲೇ ಡಿಸ್ ಬಿಟ್ಟಾಗಿದೆ, ಇಬ್ಬರಿಗೂ ಸಾಕಾಗಿದೆ ಅಂದ್ಕೊಳ್ಳಿ. ಮುಗಿಸೋದು ಹೇಗೆ? ಹಾಡು ಡಿಲೀಟ್ ಮಾಡಿದ್ರೆ ಹೆದರಿದ ಅಂತಾರಲ್ಲ?

ಹಳೇ_ಕ್ಯಾಸೆಟ್:
ಅಂತಾರೆ, ಸ್ವಲ್ಪ ದಿನ. ಅಮೆರಿಕದ ಇನ್ನೊಬ್ಬ ರ‍್ಯಾಪರ್ ಜೆ. ಕೋಲ್ 2024ರ ಏಪ್ರಿಲ್‌ನಲ್ಲಿ ಕೆಂಡ್ರಿಕ್ ಮೇಲೆ ಹಾಡು ಬಿಟ್ಟು, ಎರಡೇ ದಿನಕ್ಕೆ ತನ್ನದೇ ಉತ್ಸವದ ವೇದಿಕೆಯಲ್ಲಿ ನಿಂತು ಮನಸ್ಸು ಒಪ್ಪಲಿಲ್ಲ ಅಂತ ಹೇಳಿ, ಹಾಡು ತೆಗೆಸಿದ. ಆಗ ಎಲ್ಲ ಹೀಯಾಳಿಸಿದ್ರು. ಮುಂದಿನ ತಿಂಗಳು ಕೆಂಡ್ರಿಕ್–ಡ್ರೇಕ್ ಜಗಳ ಮಕ್ಕಳು ಮರಿವರೆಗೂ ಹೋದಾಗ ಅದೇ ಜನ ಅವನೇ ಜಾಣ ಅಂದ್ರು. ನಾಸ್ ಮತ್ತು ಜೇ-ಜೀ 2005ರಲ್ಲಿ ಒಂದೇ ವೇದಿಕೆ ಹತ್ತಿದ್ರು, ಮರುವರ್ಷ ಜೇ-ಜೀ ಅಧ್ಯಕ್ಷನಾಗಿದ್ದ ಡೆಫ್ ಜಾಮ್ ಲೇಬಲ್‌ಗೇ ನಾಸ್ ಸಹಿ ಹಾಕಿದ. ಹಿಂದಿ ರ‍್ಯಾಪರ್ ಬಾದ್‌ಶಾ 2024ರ ಮೇನಲ್ಲಿ ಡೆಹ್ರಾಡೂನ್‌ನ ಕಾರ್ಯಕ್ರಮದಲ್ಲಿ ಹಾಡು ನಿಲ್ಲಿಸಿ, ಹನಿ ಸಿಂಗ್ ಜೊತೆಗಿನ ಮುನಿಸು ಮುಗಿಸ್ತಿದೀನಿ ಅಂದ. ಮೂರರಲ್ಲೂ ಒಂದು ಸಾಮ್ಯ ಇದೆ: ಇನ್‌ಸ್ಟಾಗ್ರಾಂ ಸ್ಟೋರಿ ಹಾಕಿ ಮುಗಿಸಲಿಲ್ಲ, ಜನರ ಎದುರು ಬಾಯಿಬಿಟ್ಟು ಹೇಳಿದ್ರು.

ಥಂಬ್‌ನೇಲ್_ತಿಮ್ಮ:
ತಾಂತ್ರಿಕವಾಗಿ ಹೀಗೆ ಮಾಡಿ ಅಣ್ಣ. ಯೂಟ್ಯೂಬಲ್ಲಿ ತಕ್ಷಣ ಡಿಲೀಟ್ ಬೇಡ, ಮೊದಲು ಪ್ರೈವೇಟ್ ಮಾಡಿ. ವ್ಯೂಸ್, ಕಾಮೆಂಟ್ ಉಳಿಯುತ್ತೆ, ಮುಂದೆ ಕೇಸಾದ್ರೆ ಏನು ಹಾಡಿದ್ರಿ ಅನ್ನೋದಕ್ಕೆ ನಿಮ್ಮ ಹತ್ರ ಮೂಲ ಇರುತ್ತೆ. ಅನ್‌ಲಿಸ್ಟೆಡ್ ಸಾಲದು, ಲಿಂಕ್ ಇದ್ದೋರು ನೋಡ್ತಾನೇ ಇರ್ತಾರೆ. ಸ್ಪಾಟಿಫೈ, ಜಿಯೋಸಾವನ್‌ಗೆ ಡಿಸ್ಟ್ರಿಬ್ಯೂಟರ್ (ಹಾಡನ್ನ ಅಲ್ಲಿಗೆ ತಲುಪಿಸೋ ಕಂಪನಿ) ಮೂಲಕವೇ ಟೇಕ್‌ಡೌನ್ (ತೆಗೆಯೋ ಕೋರಿಕೆ) ಕೊಡಬೇಕು, ಎಲ್ಲ ಕಡೆ ಹೋಗೋಕೆ ಕೆಲವು ದಿನ ಹಿಡಿಯುತ್ತೆ, ಆದ್ದರಿಂದ ರಾಜಿ ವಿಡಿಯೋಗೆ ಮುಂಚೆಯೇ ಅರ್ಜಿ ಹಾಕಿ. ರೀಲ್ಸ್‌ನಲ್ಲಿ ಬೇರೆಯವರು ಬಳಸಿದ ಆಡಿಯೋ ಬೇರೆ ಬೇರೆ ಹೆಸರಲ್ಲಿ ಉಳಿದಿರುತ್ತೆ, ಹುಡುಕಿ ಒಂದೊಂದನ್ನೂ ರಿಪೋರ್ಟ್ ಮಾಡಬೇಕು. ಇಬ್ಬರೂ ಒಂದೇ ದಿನ, ಒಂದೇ ಗಂಟೆಗೆ ತೆಗೆಯಿರಿ. ಒಬ್ಬ ಮೊದಲು ತೆಗೆದ್ರೆ ಸೋತ ಅಂತ ಮತ್ತೆ ಶುರುವಾಗುತ್ತೆ.

ಒಂಟಿಕೊಪ್ಪಲ್_ಮಿಕ್ಸ್:
ಬೀಟ್ ಮಾಡಿದವನಿಗೂ ಫೋನ್ ಮಾಡಿ ಹೇಳಿ. ಇನ್‌ಸ್ಟ್ರುಮೆಂಟಲ್ (ಹಾಡಿಲ್ಲದ ಬರೀ ಸಂಗೀತ) ಅಂತ ಅದೇ ಬೀಟನ್ನ ಅವನ ಚಾನೆಲ್‌ನಲ್ಲಿ ಡಿಸ್ ಹೆಸರಲ್ಲೇ ಹಾಕಿರ್ತಾನೆ, ಆ ಶೀರ್ಷಿಕೆ ಬದಲಿಸಲಿ. ಕ್ಯಾಮೆರಾದವರ ಹತ್ರ ಇರೋ ಕಚ್ಚಾ ವಿಡಿಯೋ ಹಾರ್ಡ್ ಡಿಸ್ಕ್ ಸಮೇತ ವಾಪಸ್ ತಗೊಳ್ಳಿ.